15 ವರ್ಷಕ್ಕೆ ಮುಗೀತಾ? ಒಂದು ಫ್ಯಾಮಿಲಿ ಕಾರಿನ ಆಯಸ್ಸಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಕಾರಿದೆ. ಅದೂ ರೇಸ್ ಕಾರಲ್ಲ, ಕೋಟಿ ಬೆಲೆಯ ಕಾರಲ್ಲ. ಅಪ್ಪ ಓಡಿಸ್ತಿದ್ದ, ಹಿಂದೆ ಡಿಕ್ಕಿ ಇರುವ, ಐದು ಜನ ಕೂರುವ ಜಾಗದಲ್ಲಿ ಏಳು ಜನ ಕೂತು ಧರ್ಮಸ್ಥಳಕ್ಕೆ ಹೋಗಿ ಬರ್ತಿದ್ದ ಸಾಧಾರಣ ಫ್ಯಾಮಿಲಿ ಕಾರು.

ಪ್ರಶ್ನೆ ಸರಳ. ಸರಿಯಾಗಿ ನೋಡ್ಕೊಂಡ್ರೆ ಇಂಥ ಕಾರು ಎಷ್ಟು ವರ್ಷ ಬಾಳುತ್ತೆ? ಹತ್ತಾ? ಹದಿನೈದಾ? ನಲವತ್ತಾ?

ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಈಗ ಇದೇ ಚರ್ಚೆ ನಡೀತಿರಬಹುದು. ಹಳೆ ಕಾರು ಮಾರೋಣ್ವಾ, ಇಟ್ಕೊಳ್ಳೋಣ್ವಾ? ಅಪ್ಪ ಇನ್ನೂ ಓಡುತ್ತೆ ಅಂತಾರೆ, ನೀವು ಮೈಲೇಜ್ ಇಲ್ಲ, ಬ್ಲೂಟೂತ್ ಇಲ್ಲ ಅಂತೀರಿ. ಈ ಜಗಳಕ್ಕೆ ತೀರ್ಪು ಕೊಡೋಕೆ ನಾನು ಬಂದಿಲ್ಲ. ಆದರೆ ಇತಿಹಾಸದಲ್ಲಿ ಇದಕ್ಕೆ ಒಳ್ಳೆ ಸಾಕ್ಷಿಗಳಿವೆ. ಒಂದೊಂದಾಗಿ ನೋಡೋಣ.

ಮುಂಬೈನ ಕೊನೆಯ ಪದ್ಮಿನಿ

2023ರ ಅಕ್ಟೋಬರ್ 30. ಅವತ್ತಿನಿಂದ ಮುಂಬೈ ರಸ್ತೆಗಳಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಅಧಿಕೃತವಾಗಿ ಇಲ್ಲವಾಯಿತು. ಕಪ್ಪು ಮೈ, ಹಳದಿ ತಲೆಯ ಆ 'ಕಾಲಿ ಪೀಲಿ' ಟ್ಯಾಕ್ಸಿ ಗೊತ್ತಲ್ಲ, ಹಿಂದಿ ಸಿನಿಮಾದಲ್ಲಿ ಹೀರೋ ಮುಂಬೈಗೆ ಬಂದಿಳಿದ ಕೂಡಲೇ ಕಾಣ್ತಿತ್ತಲ್ಲ, ಅದೇ. ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿ ತಾರ್ದೇವ್ ಆರ್‌ಟಿಒದಲ್ಲಿ ದಾಖಲಾದದ್ದು 2003ರ ಅಕ್ಟೋಬರ್ 29ರಂದು. ಮುಂಬೈನಲ್ಲಿ ಟ್ಯಾಕ್ಸಿಗೆ ಇರೋದು 20 ವರ್ಷದ ಮಿತಿ. ಲೆಕ್ಕ ಹಾಕಿ, ಸರಿಯಾಗಿ 20 ವರ್ಷ.

ಇಲ್ಲೊಂದು ವಿಷಯ ಗಮನಿಸಿ. ಆ ಕಾರು ಕೆಟ್ಟು ನಿಂತು ರಸ್ತೆಯಿಂದ ಹೋಗಲಿಲ್ಲ. ಕ್ಯಾಲೆಂಡರ್ ನೋಡಿ ಹೋಯಿತು. ಅಂದ್ರೆ ಕಾರಿಗೆ ಎರಡು ಬಗೆಯ ಆಯಸ್ಸಿದೆ. ಒಂದು ಕಬ್ಬಿಣದ್ದು, ಇನ್ನೊಂದು ಕಾಗದದ್ದು. ಇವತ್ತಿನ ಇಡೀ ಕಥೆ ಈ ಎರಡರ ನಡುವಿನದ್ದೇ.

ಈ ಕಥೆಗೆ ನಮ್ಮ ವಿಶ್ವೇಶ್ವರಯ್ಯನವರೂ ಬರ್ತಾರೆ

ಪದ್ಮಿನಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋದ್ರೆ ದಾರಿ ಮೈಸೂರು ಸಂಸ್ಥಾನಕ್ಕೆ ಬರುತ್ತೆ. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ ಅಂದ ಕೂಡಲೇ ಸರ್ ಎಂ. ವಿಶ್ವೇಶ್ವರಯ್ಯ ನೆನಪಾಗ್ತಾರೆ. ಆದರೆ ಅವರಿಗಿದ್ದ ಇನ್ನೊಂದು ಕನಸು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅದು ಭಾರತದಲ್ಲೇ ಕಾರು ತಯಾರಿಸಬೇಕು ಅನ್ನೋದು. 1930ರ ದಶಕದಲ್ಲಿ, ದಿವಾನಗಿರಿ ಬಿಟ್ಟು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆದ ಮೇಲೆ, ವಯಸ್ಸು 70 ದಾಟಿದ್ದಾಗ ಅವರು ಯುರೋಪ್, ಅಮೆರಿಕ ಸುತ್ತಿ, ಕಾರು ಕಾರ್ಖಾನೆಗಳನ್ನು ನೋಡಿ, ಯೋಜನೆ ತಯಾರಿಸಿಕೊಂಡು ಬಂದರು.

ಈ ಕನಸಿಗೆ ಜೊತೆಯಾದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸರ್ಕಾರಕ್ಕೂ ಆಸಕ್ತಿ ಇತ್ತು. ಆದರೆ ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಇದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. ಕಾರಿನ ಕನಸು ಮಾತ್ರ ಬೊಂಬಾಯಿಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು, ಕುರ್ಲಾದಲ್ಲಿ ಕಾರ್ಖಾನೆ ಎದ್ದಿತು. ಅತ್ತ ಬಿರ್ಲಾ ಕುಟುಂಬದ ಹಿಂದೂಸ್ತಾನ್ ಮೋಟರ್ಸ್ 1942ರಲ್ಲೇ ಹುಟ್ಟಿ, ಆಮೇಲೆ ಕೋಲ್ಕತ್ತದ ಹತ್ತಿರ ಉತ್ತರಪಾರಾದಲ್ಲಿ ನೆಲೆ ನಿಂತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ನೀತಿ ಬದಲಾಯಿತು. ಬಿಡಿಭಾಗ ತಂದು ಇಲ್ಲಿ ಜೋಡಿಸಿ ಮಾರೋದು ನಡೆಯಲ್ಲ, ಇಲ್ಲೇ ತಯಾರಿಸುವವರು ಮಾತ್ರ ಇರಿ ಅಂತ 1953ರಲ್ಲಿ ಖಡಾಖಂಡಿತವಾಗಿ ಹೇಳಿತು. ಜನರಲ್ ಮೋಟರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು ಕಂಪನಿಗಳು.

ಪ್ರೀಮಿಯರ್ ಇಟಲಿಯ ಫಿಯೆಟ್ 1100 ಕಾರನ್ನು ಹಿಡಿಯಿತು. ಹಿಂದೂಸ್ತಾನ್ ಮೋಟರ್ಸ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ತಂದು, 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್ ಅಂತ ಹೆಸರಿಟ್ಟಿತು. ಫಿಯೆಟ್ 1970ರ ದಶಕದಲ್ಲಿ ಹೆಸರು ಬದಲಿಸಿ ಪ್ರೀಮಿಯರ್ ಪದ್ಮಿನಿ ಆಯಿತು. ಆದರೂ ನಮ್ಮ ಕಡೆ ಜನ ಕೊನೆವರೆಗೂ ಅದನ್ನ ಫಿಯೆಟ್ ಅಂತಲೇ ಕರೆದರು.

ಬೇರೆ ಕಾರು ಸಿಗಲ್ಲ, ಇದ್ದದ್ದನ್ನೇ ಬದುಕಿಸು

ಈಗಿನವರಿಗೆ ಇದು ನಂಬೋಕೆ ಕಷ್ಟ. ಶೋರೂಮ್‌ಗೆ ಹೋಗಿ, ಸಾಲ ತಗೊಂಡು, ಕಾರು ತಗೊಂಡು ಬರೋ ಕಾಲ ಇದು. ಆಗ ಹಣ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಂಪನಿ ಎಷ್ಟು ಕಾರು ಮಾಡಬೇಕು ಅನ್ನೋದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. 1980ರ ಆಸುಪಾಸಿನಲ್ಲೂ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗ್ತಿದ್ದ ಕಾರುಗಳ ಸಂಖ್ಯೆ 50 ಸಾವಿರ ದಾಟಿರಲಿಲ್ಲ.

ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಕಥೆ ಕೇಳಿ. 1964ರಲ್ಲಿ ಮನೆಯವರ ಒತ್ತಾಯಕ್ಕೆ ಒಂದು ಫಿಯೆಟ್ ತಗೊಂಡರು. ಬೆಲೆ 12 ಸಾವಿರ ರೂಪಾಯಿ. ಕೈಯಲ್ಲಿ ಇದ್ದದ್ದು 7 ಸಾವಿರ. ಉಳಿದ 5 ಸಾವಿರಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿಯಲ್ಲಿ ತಾಷ್ಕೆಂಟ್‌ನಲ್ಲಿ ತೀರಿಕೊಂಡಾಗ ಸಾಲ ಇನ್ನೂ ಬಾಕಿ ಇತ್ತು. ಪತ್ನಿ ಲಲಿತಾ ಶಾಸ್ತ್ರಿ ಅದನ್ನು ತಮ್ಮ ಪಿಂಚಣಿಯಿಂದ ತೀರಿಸಿದರು. ಆ ಕಾರು ಈಗಲೂ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ.

ದೇಶದ ಪ್ರಧಾನಿಗೇ ಕಾರು ಅಂದ್ರೆ ಇಷ್ಟು ದೊಡ್ಡ ವಿಷಯ ಆಗಿದ್ದಾಗ, ಒಬ್ಬ ಮೇಷ್ಟ್ರಿಗೆ, ಬ್ಯಾಂಕ್ ಗುಮಾಸ್ತರಿಗೆ ಹೇಗಿದ್ದಿರಬೇಡ? ಕಾರು ಅಂದ್ರೆ ಜೀವಮಾನಕ್ಕೊಂದೇ ಸಲ. ಹಾಗಾಗಿ ಹಾಳಾದ್ರೆ ರಿಪೇರಿ, ಮತ್ತೆ ಹಾಳಾದ್ರೆ ಮತ್ತೆ ರಿಪೇರಿ. ಕಾರು ಬಹಳ ಕಾಲ ಬಾಳಿದ್ದಕ್ಕೆ ಮೊದಲ ಕಾರಣ ಅದರ ಗುಣಮಟ್ಟ ಅಲ್ಲ, ಬೇರೆ ದಾರಿ ಇಲ್ಲದೇ ಇದ್ದದ್ದು. ಇದನ್ನ ಒಪ್ಕೊಂಡೇ ಮುಂದೆ ಹೋಗೋಣ. ಹಳೇ ಕಾಲದ ಕಾರು ಉಕ್ಕಿನ ಕೋಟೆ, ಈಗಿನದ್ದು ತಗಡು ಅನ್ನೋ ಮಾತು ಅರ್ಧ ಸತ್ಯ ಅಷ್ಟೇ.

ಬಾನೆಟ್ ಕೆಳಗೆ ಏನಿತ್ತು?

ಹಾಗಾದ್ರೆ ಅರವತ್ತು, ಎಪ್ಪತ್ತರ ದಶಕದ ಕಾರನ್ನು ಬದುಕಿಸೋದು ಹೇಗೆ ಸಾಧ್ಯ ಆಯ್ತು? ಮುಖ್ಯವಾಗಿ ಮೂರು ಕಾರಣ.

ಒಂದು, ಸರಳತೆ. ಪದ್ಮಿನಿಯ ಇಂಜಿನ್ 1089 ಸಿಸಿ, ನಾಲ್ಕು ಸಿಲಿಂಡರ್. ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್, ಪಾಯಿಂಟ್, ಪ್ಲಗ್ಗು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೆಟ್ಟದ್ದು ಏನು ಅಂತ ಕಣ್ಣಿಗೆ ಕಾಣ್ತಿತ್ತು, ಕಿವಿಗೆ ಕೇಳ್ತಿತ್ತು. ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಪಾಯಿಂಟ್ ಮೇಲೆ ಉಪ್ಪುಕಾಗದ ಉಜ್ಜು, ಪ್ಲಗ್ ತೆಗೆದು ಮಸಿ ಒರೆಸು, ಪೆಟ್ರೋಲ್ ಬರ್ತಿದೆಯಾ ನೋಡು. ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗೀತಿತ್ತು.

ಎರಡು, ಬದಲಾಗದ ಮಾಡೆಲ್. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲೋವರೆಗೂ ಹೆಚ್ಚುಕಡಿಮೆ ಅದೇ ಮೈಕಟ್ಟಿನಲ್ಲೇ ಬಂತು. ಮಾರ್ಕ್ 2, ಮಾರ್ಕ್ 3, ನೋವಾ ಅಂತ ಹೆಸರು ಬದಲಾದವು, ಮುಂದಿನ ಗ್ರಿಲ್ ಬದಲಾಯ್ತು, 1990ರ ದಶಕದಲ್ಲಿ ಜಪಾನಿನ ಇಸುಜು ಇಂಜಿನ್ ಬಂತು. ಆಕಾರ ಮಾತ್ರ ಅದೇ. ಗ್ರಾಹಕರ ದೃಷ್ಟಿಯಿಂದ ಇದು ಸೋಮಾರಿತನ. ಆದರೆ ಕಾರು ಉಳಿಸಿಕೊಳ್ಳುವವನಿಗೆ ಇದು ವರ. ಇಪ್ಪತ್ತು ವರ್ಷ ಹಳೇ ಕಾರಿಗೂ ಪಾರ್ಟ್ ಸಿಗ್ತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು, ಜಿಲ್ಲಾ ಕೇಂದ್ರಗಳ ಸಣ್ಣ ಸ್ಪೇರ್ ಪಾರ್ಟ್ಸ್ ಅಂಗಡಿಗಳು ಈ ಬದಲಾಗದ ಕಾರುಗಳನ್ನು ನಂಬಿಕೊಂಡು ಬೆಳೆದವು.

ಮೂರು, ಕೆಲಸ ಬಲ್ಲ ಕೈಗಳು. ಪುಸ್ತಕ ಓದಿ ಅಲ್ಲ, ಗ್ಯಾರೇಜಿನಲ್ಲಿ ಹುಡುಗನಾಗಿ ಸೇರಿ ಸ್ಪ್ಯಾನರ್ ಎತ್ತಿಕೊಡ್ತಾ ಕಲಿತ ಮೆಕ್ಯಾನಿಕ್‌ಗಳು. ಇಂಜಿನ್ ಹೊಗೆ ಬಿಡೋಕೆ ಶುರುವಾದ್ರೆ ಕಾರು ಮುಗೀತು ಅಂತ ಅವರು ಹೇಳ್ತಿರಲಿಲ್ಲ. ಇಂಜಿನ್ ಇಳಿಸಿ, ಲೇತ್ ಅಂಗಡಿಗೆ ಕಳಿಸಿ, ಸವೆದ ಸಿಲಿಂಡರನ್ನು ಕೊರೆದು ಸಮ ಮಾಡಿಸಿ, ದೊಡ್ಡ ಸೈಜಿನ ಪಿಸ್ಟನ್, ಹೊಸ ರಿಂಗ್ ಹಾಕಿ, ಬೇರಿಂಗ್ ಬದಲಿಸಿ ಮತ್ತೆ ಕೂರಿಸ್ತಿದ್ದರು. 'ಬೋರ್ ಮಾಡ್ಸೋದು' ಅಂದ್ರೆ ಇದೇ. ಇಂಜಿನ್‌ಗೆ ಅದು ಎರಡನೇ ಜನ್ಮ.

ಹಾಗಾದ್ರೆ ಕಾರಿನ ಪ್ರಾಣ ಎಲ್ಲಿದೆ?

ಇಂಜಿನ್ನಿನಲ್ಲಿ ಅಂತ ನೀವು ಅಂದುಕೊಂಡಿದ್ರೆ ಸ್ವಲ್ಪ ತಡೀರಿ. ಇಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಬದಲಿಸೋಕೆ ಆಗದೇ ಇರೋದು ಮೈ. ಲಾರಿ ತರ ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಪದ್ಮಿನಿ, ಅಂಬಾಸಿಡರ್, ಇವತ್ತಿನ ನಿಮ್ಮ ಕಾರು, ಎಲ್ಲದರಲ್ಲೂ ಭಾರ ಹೊರೋದು ತಗಡಿನ ಮೈಯೇ. ಅದರ ತಳಕ್ಕೆ ತುಕ್ಕು ಹಿಡಿದು ತೂತಾದ್ರೆ ಇಂಜಿನ್ ಎಷ್ಟೇ ಚೆನ್ನಾಗಿದ್ರೂ ಪ್ರಯೋಜನ ಇಲ್ಲ. ಉಪ್ಪುಗಾಳಿ ಮತ್ತು ಜಡಿಮಳೆಯ ಮಂಗಳೂರು, ಕಾರವಾರದಲ್ಲಿ ತುಕ್ಕು ಬೇಗ ಬರುತ್ತೆ. ಒಣಹವೆಯ ಚಿತ್ರದುರ್ಗ, ಬಳ್ಳಾರಿ ಕಡೆ ನಿಧಾನ. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಕಾರುಗಳ ಆಯಸ್ಸು ಊರಿನ ಮೇಲೆ ಬದಲಾಗೋದು ಇದಕ್ಕೇ.

46 ಲಕ್ಷ ಕಿಲೋಮೀಟರ್

ಸರಿ, ಎಲ್ಲ ಅನುಕೂಲವೂ ಇದ್ದು, ನೋಡ್ಕೊಳ್ಳೋನೂ ಶ್ರದ್ಧೆಯಿಂದ ನೋಡ್ಕೊಂಡ್ರೆ ಗರಿಷ್ಠ ಎಷ್ಟು ದೂರ ಹೋಗಬಹುದು? ಇದಕ್ಕೆ ಉತ್ತರ ಗ್ರೀಸ್ ದೇಶದಲ್ಲಿದೆ. ಥೆಸಲೋನಿಕಿ ಊರಿನ ಗ್ರೆಗೋರಿಯಸ್ ಸಖಿನಿದಿಸ್ ಅನ್ನೋ ಟ್ಯಾಕ್ಸಿ ಚಾಲಕ 1981ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡರು. 1976ರ ಮರ್ಸಿಡಿಸ್ 240ಡಿ, ಡೀಸೆಲ್ ಸೆಡಾನ್. ಆಗಲೇ ಅದು 2 ಲಕ್ಷ 20 ಸಾವಿರ ಕಿ.ಮೀ. ಓಡಿತ್ತು. 2004ರಲ್ಲಿ ಅದನ್ನು ಕಂಪನಿಯ ಮ್ಯೂಸಿಯಂಗೆ ಒಪ್ಪಿಸುವಾಗ ಒಟ್ಟು ಓಟ ಸುಮಾರು 46 ಲಕ್ಷ ಕಿ.ಮೀ. ಆಗಿತ್ತು!

ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಬೆಂಗಳೂರಿಂದ ಮೈಸೂರಿಗೆ 30 ಸಾವಿರಕ್ಕೂ ಹೆಚ್ಚು ಸಲ. ದಿನಕ್ಕೆ ಸರಾಸರಿ 500 ಕಿ.ಮೀ.ಗೂ ಮೇಲೆ.

ಇದರ ಗುಟ್ಟೇನು? ಆತ ಮೂರು ಇಂಜಿನ್ ಇಟ್ಕೊಂಡಿದ್ದರು. ಒಂದು ಕಾರಿನಲ್ಲಿ ಓಡ್ತಿದ್ರೆ ಇನ್ನೊಂದನ್ನು ರಿಪೇರಿ ಮಾಡಿಸಿ ಇಡೋದು. ಹೀಗೆ ಮತ್ತೆ ಮತ್ತೆ ಬದಲಿಸ್ತಾ ಓಡಿಸಿದರು. ಅದು ಅದೇ ಕಾರಾ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಅಜ್ಜನ ಕೊಡಲಿಗೆ ಅಪ್ಪ ಕಾವು ಬದಲಿಸಿ, ಮಗ ತಲೆ ಬದಲಿಸಿದ್ರೂ ಮನೆಯಲ್ಲಿ ಅದು ಅಜ್ಜನ ಕೊಡಲಿಯೇ. ನಿರ್ವಹಣೆ ಅಂದ್ರೆ ಇದೇ ಅಲ್ವಾ? ಸವೆಯೋದನ್ನ ತಡೆಯೋಕೆ ಆಗಲ್ಲ, ಸವೆದದ್ದನ್ನ ಸರಿಯಾದ ಹೊತ್ತಿಗೆ ಬದಲಿಸಬಹುದು.

ಇನ್ನೊಂದು ಸೂಕ್ಷ್ಮ ಇದೆ. ಟ್ಯಾಕ್ಸಿ ಇಂಜಿನ್ ದಿನವಿಡೀ ಬಿಸಿಯಾಗೇ ಇರುತ್ತೆ. ಇಂಜಿನ್ ಹೆಚ್ಚು ಸವೆಯೋದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲಿ, ಆಯಿಲ್ ಇನ್ನೂ ಎಲ್ಲ ಕಡೆ ಸರಿಯಾಗಿ ಹರಿಯದೇ ಇದ್ದಾಗ. ಬೆಳಗ್ಗೆ ಎರಡು ಕಿ.ಮೀ. ಸ್ಕೂಲು, ಸಂಜೆ ಎರಡು ಕಿ.ಮೀ. ಮಾರ್ಕೆಟ್ಟು ಅಂತ ಓಡುವ ಕಾರು ಮೀಟರಿನಲ್ಲಿ ಕಡಿಮೆ ತೋರಿಸಿದ್ರೂ ಒಳಗೆ ಹೆಚ್ಚು ದಣಿದಿರುತ್ತೆ. 'ಕಡಿಮೆ ಓಡಿದೆ ಸಾರ್, ಹೊಸದರ ಹಾಗೆ' ಅಂತ ಯಾರಾದ್ರೂ ಸೆಕೆಂಡ್ ಹ್ಯಾಂಡ್ ಕಾರು ತೋರಿಸಿದ್ರೆ ಈ ಮಾತು ನೆನಪಿಡಿ.

ಕಾಗದದ ಆಯಸ್ಸು

ಈಗ ಕಾನೂನಿಗೆ ಬರೋಣ. ಇದರ ಬಗ್ಗೆ ತುಂಬಾ ಗೊಂದಲ ಇದೆ. '15 ವರ್ಷ ಆದ್ರೆ ಕಾರನ್ನ ಗುಜರಿಗೆ ಹಾಕಲೇಬೇಕಂತೆ' ಅಂತ ವಾಟ್ಸ್ಆ್ಯಪ್‌ನಲ್ಲಿ ಓದಿರ್ತೀರಿ. ಇದು ಹಾಗಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷ ಚಾಲ್ತಿಯಲ್ಲಿರುತ್ತೆ. ಆಮೇಲೆ ಆರ್‌ಟಿಒ ತಪಾಸಣೆಯಲ್ಲಿ ಪಾಸಾದ್ರೆ ಐದು ವರ್ಷಕ್ಕೆ ನವೀಕರಣ ಸಿಗುತ್ತೆ. ಮತ್ತೆ ಐದು ವರ್ಷ ಆದ ಮೇಲೆ ಮತ್ತೆ ತಪಾಸಣೆ. ಆದರೆ ದೆಹಲಿ ಮತ್ತು ಸುತ್ತಲಿನ ಪ್ರದೇಶದ ಕಥೆ ಬೇರೆ. ಅಲ್ಲಿನ ಗಾಳಿ ಕೆಟ್ಟಿರೋದರಿಂದ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಓಡಿಸಬಾರದು ಅನ್ನೋ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. ಅದರ ಸುತ್ತ ಜಗ್ಗಾಟ ಆಮೇಲೂ ನಡೆದಿದೆ. ಅಲ್ಲಿನ ಸುದ್ದಿ ನೋಡಿ ಇಲ್ಲಿನವರು ಗಾಬರಿಯಾಗೋದೇ ಹೆಚ್ಚು.

2021ರ ಆಗಸ್ಟ್‌ನಲ್ಲಿ ಗುಜರಿ ನೀತಿ ಬಂತು. ಅದು ಬಲವಂತಕ್ಕಿಂತ ಹೆಚ್ಚಾಗಿ ಜೇಬಿನ ಮೂಲಕ ಮಾತಾಡುತ್ತೆ. 600 ರೂಪಾಯಿ ಇದ್ದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಹಳೇ ಕಾರು ಇಟ್ಕೊಳ್ಳಿ, ಆದರೆ ಅದಕ್ಕೆ ಬೆಲೆ ಕೊಡಿ ಅನ್ನೋದು ಇದರ ಅರ್ಥ. ಅದೇ ಕಾರು 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದಿದ್ರೆ 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ಬೇರೆ ನೋಂದಣಿ ಸಿಗುತ್ತೆ. ಹದಿನೈದಕ್ಕೆ ಅನುಮಾನ, ಐವತ್ತಕ್ಕೆ ಸನ್ಮಾನ!

ಹೊಗೆಯ ಮಾತನ್ನೂ ಆಡಬೇಕು

ಹಳೇ ಕಾರಿನ ಪ್ರೀತಿಯಲ್ಲಿ ಇದನ್ನ ಮರೆಯೋದು ಸುಲಭ, ಆದರೆ ನ್ಯಾಯ ಅಲ್ಲ. ಕಾರ್ಬೊರೇಟರ್ ಇದ್ದ ಕಾಲದ ಇಂಜಿನ್‌ಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ. ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಅದು ಕಡ್ಡಾಯ ಆದದ್ದೇ 1995ರಲ್ಲಿ. ಪೆಟ್ರೋಲಿನಲ್ಲಿ ಸೀಸ ಬೆರೆಸೋದು ದೇಶದಾದ್ಯಂತ ನಿಂತದ್ದು 2000ದಲ್ಲಿ. ಆ ಸೀಸ ಮಕ್ಕಳ ಮಿದುಳಿಗೆ ವಿಷ, ಆದರೆ ಹಳೇ ಇಂಜಿನ್ನಿನ ವಾಲ್ವ್ ಸೀಟ್ ಸವೆಯದಂತೆ ಕಾಯ್ತಿದ್ದದ್ದೂ ಅದೇ. ಅಂದ್ರೆ ಕಾರಿನ ಆಯಸ್ಸು ಹೆಚ್ಚಿಸಿದ ವಸ್ತುವೇ ಮನುಷ್ಯರ ಆರೋಗ್ಯ ತಿನ್ನುತ್ತಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಕಾರಿನ ಮುಂದೆ ಪದ್ಮಿನಿಯ ಹೊಗೆ ತುಂಬಾ ಕೊಳಕು. ಟ್ಯಾಕ್ಸಿಗಳಿಗೆ ಮಿತಿ ಹಾಕಿದ್ದರ ಹಿಂದೆ ಈ ತರ್ಕ ಇದೆ.

ಆದರೆ ಇನ್ನೊಂದು ಮುಖವೂ ಇದೆ. ಹೊಸ ಕಾರು ತಯಾರಿಸೋಕೂ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್, ವಿದ್ಯುತ್ ಬೇಕು. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಮಾತ್ರ ಓಡುವ, ಎಮಿಷನ್ ಟೆಸ್ಟ್ ಪಾಸಾಗುವ ಕಾರನ್ನು ಮುರಿದು ಹೊಸದು ತರೋದೂ, ದಿನಕ್ಕೆ ನೂರು ಕಿ.ಮೀ. ಓಡುವ ಹಳೇ ಡೀಸೆಲ್ ಟ್ಯಾಕ್ಸಿ ತೆಗೆಯೋದೂ ಒಂದೇ ಅಲ್ಲ. ಜನ್ಮದಿನಾಂಕ ನೋಡಿ ತೀರ್ಮಾನ ಮಾಡೋದಕ್ಕಿಂತ ಹೊಗೆ ನೋಡಿ, ಬ್ರೇಕ್ ನೋಡಿ ತೀರ್ಮಾನ ಮಾಡೋದು ಸರಿ ಅನ್ನೋ ವಾದಕ್ಕೆ ಬಲ ಇದೆ. ಅದಕ್ಕೆ ಪ್ರಾಮಾಣಿಕ ತಪಾಸಣೆ ಬೇಕು ಅನ್ನೋದು ಬೇರೆ ಮಾತು.

ನಿಮ್ಮ ಮನೆಯ ಕಾರಿಗೆ ಇದರಿಂದ ಏನು?

ಇವತ್ತು ನಿಮ್ಮ ಮನೆಯಲ್ಲಿರೋದು ಪದ್ಮಿನಿ ಅಲ್ಲ. 1994ರಲ್ಲಿ ಎಸ್ಟೀಮ್, 1998ರಲ್ಲಿ ಹೋಂಡಾ ಸಿಟಿ ಬಂದ ಮೇಲೆ ಸೆಡಾನ್ ಅನ್ನೋದೇ ಬೇರೆ ಯಂತ್ರ ಆಯಿತು. ಇಂಜಿನ್ ಮೊದಲಿಗಿಂತ ಬಹಳ ಗಟ್ಟಿ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಒಳ್ಳೆ ಪೆಟ್ರೋಲ್ ಇಂಜಿನ್ 2 ಲಕ್ಷ ಕಿ.ಮೀ. ದಾಟೋದು ಈಗ ಸುದ್ದಿಯೇ ಅಲ್ಲ. ವರ್ಷಕ್ಕೆ 10 ಸಾವಿರ ಕಿ.ಮೀ. ಓಡಿಸುವ ಕುಟುಂಬಕ್ಕೆ ಅದು 20 ವರ್ಷ.

ಈಗಿನ ಕಾರು ನಿಲ್ಲೋದು ಬೇರೆ ಕಾರಣಕ್ಕೆ. ಒಂದು ಎಲೆಕ್ಟ್ರಾನಿಕ್ ಬಾಕ್ಸ್ ಸಿಗಲ್ಲ, ಕಂಪನಿ ಆ ಮಾಡೆಲ್ ನಿಲ್ಲಿಸಿ ಪಾರ್ಟ್ ಕೊಡೋದು ನಿಲ್ಲಿಸಿದೆ, ರಿಪೇರಿಯ ಬಿಲ್ಲು ಕಾರಿನ ಬೆಲೆಗಿಂತ ಹೆಚ್ಚಾಗಿದೆ. ಅಂದ್ರೆ ಲೋಹ ಸೋಲೋ ಮೊದಲು ಲೆಕ್ಕ ಸೋಲುತ್ತೆ.

ಹಾಗಾಗಿ ಆಯಸ್ಸು ಹೆಚ್ಚಬೇಕಾದ್ರೆ ಹೆಚ್ಚಿನದ್ದೇನೂ ಮಾಡಬೇಕಿಲ್ಲ, ಮರೆಯಬಾರದು ಅಷ್ಟೇ. ಇಂಜಿನ್ ಆಯಿಲ್ ಕಿಲೋಮೀಟರ್ ಆಗದಿದ್ರೂ ವರ್ಷಕ್ಕೊಮ್ಮೆ ಬದಲಾಗಲಿ. ಕೂಲೆಂಟ್ ಬದಲು ನಲ್ಲಿ ನೀರು ಬೇಡ, ಒಳಗೆ ತುಕ್ಕು ಕಟ್ಟುತ್ತೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಿಸೋದು ಒಳ್ಳೇದು. ಇಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದ್ರೆ ಮ್ಯಾನುಯಲ್‌ನಲ್ಲಿ ಹೇಳಿದ ಅವಧಿ ಮೀರಬೇಡಿ. ಅದು ಕಿತ್ತುಹೋದ್ರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ದೊಡ್ಡ ಖರ್ಚೇ ಬರುತ್ತೆ. ಕರಾವಳಿ ಪ್ರವಾಸ ಮುಗಿಸಿ ಬಂದ ಮೇಲೆ ಮೇಲ್ಮೈ ಹೊಳೆಸೋದಕ್ಕಿಂತ ಮೊದಲು ತಳ ತೊಳೆಸಿ. ಮತ್ತೆ, ಪ್ರತಿ ಸರ್ವಿಸ್ ಬಿಲ್ಲನ್ನೂ ಒಂದು ಫೈಲಿನಲ್ಲಿ ಇಡಿ. ಮಾರುವಾಗ ಕಾರಿನ ಪರವಾಗಿ ಮಾತಾಡೋದು ಆ ಫೈಲೇ.

ಕಾರು ಇಟ್ಕೊಳ್ಳೋದೋ ಬಿಡೋದೋ ಅನ್ನೋದಕ್ಕೆ ಮೂರು ಪ್ರಶ್ನೆ ಸಾಕು. ತಳದಲ್ಲಿ ತುಕ್ಕು ಇದೆಯಾ? ಪಾರ್ಟ್ ಸಿಗುತ್ತಾ? ಇದನ್ನ ಬಲ್ಲ ಮೆಕ್ಯಾನಿಕ್ ನಿಮ್ಮ ಊರಲ್ಲಿ ಇದ್ದಾರಾ? ಮೂರಕ್ಕೂ ಒಳ್ಳೆ ಉತ್ತರ ಸಿಕ್ಕರೆ 15 ಅನ್ನೋ ಸಂಖ್ಯೆಗೆ ಹೆದರಬೇಕಿಲ್ಲ. ಮೊದಲ ಪ್ರಶ್ನೆಗೇ ಕೆಟ್ಟ ಉತ್ತರ ಬಂದ್ರೆ ಅಪ್ಪನಿಗೆ ಮೆಲ್ಲಗೆ ಹೇಳಿ. ಸುರಕ್ಷತೆಯ ಮುಂದೆ ನೆನಪು ದೊಡ್ಡದಲ್ಲ.

ಎರಡನೇ ಮೂರನೇ ಪ್ರಶ್ನೆ ಮಾತ್ರ ನಿಮ್ಮ ಮನೆಗೆ ಸೀಮಿತ ಅಲ್ಲ. ಪಾರ್ಟ್ ಮಾಡೋ ಕಂಪನಿ, ಲೇತ್ ಅಂಗಡಿ, ಬಾನೆಟ್ ಎತ್ತಿದ ಕೂಡಲೇ ಶಬ್ದ ಕೇಳಿ ರೋಗ ಹೇಳೋ ಮೆಕ್ಯಾನಿಕ್, ಇವರೆಲ್ಲ ಇದ್ರೆ ಮಾತ್ರ ರಿಪೇರಿ ಅನ್ನೋದು ಉಳಿಯುತ್ತೆ. ಇವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದ್ರೆ, ನಾವು ಎಷ್ಟೇ ಶ್ರದ್ಧೆಯಿಂದ ನೋಡ್ಕೊಂಡ್ರೂ ಕಾರಿನ ಆಯಸ್ಸನ್ನು ಬರೆಯೋದು ನಾವಲ್ಲ, ಕಂಪನಿ. ಇಷ್ಟು ತಲೆಯಲ್ಲಿರಲಿ.

ನಿಮ್ಮ ಮನೆಯ ಕಾರಿಗೆ ಎಷ್ಟು ವರ್ಷ ಆಯ್ತು, ಮೀಟರ್ ಎಷ್ಟು ತೋರಿಸ್ತಿದೆ, ನಮಗೆ ತಿಳಿಸಿ.